ಗಂಟು ಹಾಕಿದವರ ಊರು

ತೆಹ್ರಾನಿನ ಲಾಲೆ ಉದ್ಯಾನದ ಮಗ್ಗುಲಿಗೆ ಇರಾನಿನ ರತ್ನಗಂಬಳಿ ವಸ್ತುಸಂಗ್ರಹಾಲಯವಿದೆ. 1970ರ ದಶಕದಲ್ಲಿ ಎದ್ದ ಕಟ್ಟಡ, ವಾಸ್ತುಶಿಲ್ಪಿ ಅಬ್ದುಲ್ ಅಜೀಜ್ ಫರ್ಮಾನ್‌ಫರ್ಮಾಯಾನ್. ಹೊರಗೋಡೆಯ ಸುತ್ತ ನಿಲ್ಲಿಸಿರುವ ಕಾಂಕ್ರೀಟಿನ ಪಟ್ಟಿಗಳು ದೂರದಿಂದ ಮಗ್ಗಕ್ಕೆ ಬಿಗಿದ ಎಳೆಗಳ ಹಾಗೆ ಕಾಣುತ್ತವೆ. ಒಳಗೆ ಹೋದರೆ ಬೆಳಕು ಮಂದ, ತಂಪು. ಗೋಡೆಯಿಂದ ಗೋಡೆಗೆ ತೂಗಿದ ಕೆಂಪು, ಕಡುನೀಲಿ, ಒಂಟೆಯ ಬಣ್ಣ, ದಂತದ ಬಣ್ಣ. ಪ್ರತಿಯೊಂದರ ಪಕ್ಕ ಸಣ್ಣ ಫಲಕ. ಅದರಲ್ಲಿ ಊರಿನ ಹೆಸರು: ತಬ್ರೀಜ್, ಕಾಶಾನ್, ಕೆರ್ಮಾನ್, ಬೀಜಾರ್, ಹೆರೀಜ್, ಇಸ್ಫಹಾನ್. ಅದರ ಕೆಳಗೆ ಕಾಲ. ಕೆಲವದರಲ್ಲಿ ಕಾರ್ಖಾನೆಯ ಯಜಮಾನನ ಹೆಸರು. ಗಂಟು ಹಾಕಿದವರ ಹೆಸರು ನಾನು ಓದಿದ ಯಾವ ಫಲಕದಲ್ಲೂ ಇರಲಿಲ್ಲ.

ಅವರು ಯಾರು ಎಂಬ ಪ್ರಶ್ನೆಯನ್ನು ಜೊತೆಗಿಟ್ಟುಕೊಂಡೇ ಇರಾನಿನ ಊರುಗಳನ್ನು ಸುತ್ತಿದೆ. ಯಾವ ಊರಲ್ಲಿ ಯಾವ ಹೂವು, ಯಾವ ಅಂಚು ಎಂದು ತಿಳಿಯುವ ಆಸೆಯೂ ಇತ್ತು. ಎರಡೂ ಒಂದೇ ಹುಡುಕಾಟವೆಂದು ನನಗೆ ಮನವರಿಕೆಯಾದದ್ದು ನಡುದಾರಿಯಲ್ಲಿ, ಕಾಶಾನಿನ ಒಂದು ಮನೆಯಲ್ಲಿ. ಅದನ್ನು ಮುಂದೆ ಹೇಳುತ್ತೇನೆ.

ರತ್ನಗಂಬಳಿಯನ್ನು ನೇಯುತ್ತಾರೆ ಎನ್ನುವುದು ಅರ್ಧ ಮಾತು. ಅದನ್ನು ಗಂಟು ಗಂಟಾಗಿ ಕಟ್ಟುತ್ತಾರೆ. ಮಗ್ಗಕ್ಕೆ ಹತ್ತಿಯ, ಉಣ್ಣೆಯ ಇಲ್ಲವೇ ರೇಷ್ಮೆಯ ಹಾಸು ಬಿಗಿದಿರುತ್ತದೆ. ಅಕ್ಕಪಕ್ಕದ ಎರಡೆಳೆಗೆ ಬಣ್ಣದ ಉಣ್ಣೆ ಸುತ್ತಿ, ತುದಿ ಎಳೆದು ಕತ್ತರಿಸಿದರೆ ಒಂದು ಗಂಟು. ಒಂದು ಸಾಲು ಗಂಟು ಮುಗಿದ ಮೇಲೆ ಹೊಕ್ಕು ಹಾಯಿಸಿ ಹಣಿಗೆಯಿಂದ ಬಡಿಯಬೇಕು. ಮತ್ತೆ ಮುಂದಿನ ಸಾಲು. ಪಳಗಿದ ಕೈ ದಿನಕ್ಕೆ ಎಂಟು ಹತ್ತು ಸಾವಿರ ಗಂಟು ಹಾಕುತ್ತದೆ. ಈ ಕೆಲಸದ ವಯಸ್ಸು ಬಲು ದೊಡ್ಡದು. ರಷ್ಯಾದ ಪುರಾತತ್ವಜ್ಞ ಸೆರ್ಗೈ ರುಡೆಂಕೊ 1949ರಲ್ಲಿ ಸೈಬೀರಿಯಾದ ಆಲ್ತಾಯ್ ಬೆಟ್ಟಗಳಲ್ಲಿ, ಹಿಮದಲ್ಲಿ ಹೂತ ಸಮಾಧಿಯೊಂದರಿಂದ ಹೊರತೆಗೆದ ಪಜ಼ಿರಿಕ್ ರತ್ನಗಂಬಳಿ ಕ್ರಿಸ್ತಪೂರ್ವ ನಾಲ್ಕೈದನೇ ಶತಮಾನದ್ದು. ಅಂಚಿನಲ್ಲಿ ಸಾಲಾಗಿ ಕುದುರೆ ಸವಾರರು, ಸಾರಂಗಗಳು. ಅದನ್ನು ಕಟ್ಟಿದವರು ಪರ್ಷಿಯಾದವರೋ, ಅಲ್ಲಿಯ ಅಲೆಮಾರಿಗಳೋ ಎಂಬ ವಾದ ಇನ್ನೂ ಮುಗಿದಿಲ್ಲ. ಗಂಟು ಮಾತ್ರ ಈಗಲೂ ತಬ್ರೀಜಿನಲ್ಲಿ ಹಾಕುವ ಗಂಟೇ.

ತಬ್ರೀಜಿಗೆ ರಾತ್ರಿ ರೈಲು ಹಿಡಿದೆ. ಬೆಳಗ್ಗೆ ಇಳಿದಾಗ ಕಿವಿಗೆ ಬಿದ್ದದ್ದು ಫಾರ್ಸಿಯಲ್ಲ, ತುರ್ಕಿ. ಈ ಸೀಮೆಯವರು ಅಜ಼ರಿಗಳು. ಇಲ್ಲಿನ ಬಜಾರು ಮೈಲುಗಟ್ಟಲೆ ಇಟ್ಟಿಗೆಯ ಕಮಾನುಗಳ ಕೆಳಗೆ ಹರಡಿದೆ. 2010ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ಒಳಹೊಟ್ಟೆಯಲ್ಲಿ ಮುಜಫ್ಫರಿಯೆ ಎಂಬ ಎತ್ತರದ ಮೊಗಸಾಲೆ ಇದೆ, ಎರಡೂ ಬದಿಗೆ ರತ್ನಗಂಬಳಿಯವರ ಮಳಿಗೆಗಳು. ನೆಲದ ಮೇಲೆ ರತ್ನಗಂಬಳಿ ಹರಡಿಕೊಂಡು, ಮೊಣಕಾಲೂರಿ ಕೂತು, ಕತ್ತರಿಯಿಂದ ಮೇಲ್ಮೈ ಸಮ ಮಾಡುವವರು, ಹರಿದ ಅಂಚಿಗೆ ಸೂಜಿ ಹಾಕುವವರು. ಚಹಾದ ಗಾಜಿನ ಲೋಟಗಳು ಓಡಾಡುತ್ತಲೇ ಇರುತ್ತವೆ.

ಅಲ್ಲಿ ಒಬ್ಬ ಹಿರಿಯ ವ್ಯಾಪಾರಿ ರತ್ನಗಂಬಳಿ ಪರೀಕ್ಷಿಸುವುದನ್ನು ನೋಡುತ್ತ ನಿಂತೆ. ಮುಂಭಾಗವನ್ನು ಅವರು ಒಮ್ಮೆ ಕಣ್ಣಾಡಿಸಿ ಬಿಟ್ಟರು. ಮೂಲೆ ಹಿಡಿದು ಮಗುಚಿದರು. ಬೆನ್ನಿನ ಮೇಲೆ ಹೆಬ್ಬೆರಳಿನ ಉಗುರಿಟ್ಟು, ಸುಮಾರು ಏಳು ಸೆಂಟಿಮೀಟರಿನ ಅಳತೆಯೊಳಗೆ ಗಂಟುಗಳನ್ನು ಎಣಿಸಿದರು. ಆ ಅಳತೆಯಲ್ಲಿ ಎಷ್ಟು ಗಂಟು ಬರುತ್ತದೋ ಅಷ್ಟು ‘ರಜ್’. ಐವತ್ತು ರಜ್ ಎಂದರೆ ಒಳ್ಳೆಯ ಮಾಲು. ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲದ ಐವತ್ತು ರಜ್‌ನ ರತ್ನಗಂಬಳಿಯಲ್ಲಿ ಮೂವತ್ತು ಲಕ್ಷ ಗಂಟುಗಳಿರುತ್ತವೆ. ದಿನಕ್ಕೆ ಎಂಟು ಸಾವಿರದಂತೆ ಲೆಕ್ಕ ಹಾಕಿದರೆ ಒಬ್ಬರಿಗೆ ಒಂದು ವರ್ಷ ದಾಟಿದ ದುಡಿಮೆ. ಮುಂಭಾಗದಲ್ಲಿ ಇಂಥ ಯಾವುದೂ ಕಾಣದು, ಅಲ್ಲಿ ಉಣ್ಣೆ ಎಲ್ಲವನ್ನೂ ಮುಚ್ಚಿಕೊಂಡಿರುತ್ತದೆ. ಯಾವ ಊರಿನ ಕೈ, ಎಷ್ಟು ಬಿಗಿ, ಎಲ್ಲಿ ಕೈ ಸೋತಿದೆ, ಎಲ್ಲಿ ಬೇರೆ ಕೈ ಬಂದು ಕೂತಿದೆ, ಎಲ್ಲವನ್ನೂ ಬೆನ್ನು ಹೇಳುತ್ತದೆ.

ತಬ್ರೀಜಿನವರು ಗಂಟನ್ನು ಬೆರಳಿನಿಂದ ಹಾಕುವುದಿಲ್ಲ. ತುದಿಯಲ್ಲಿ ಕೊಕ್ಕೆಯಿರುವ ಚಾಕು ಹಿಡಿದಿರುತ್ತಾರೆ. ಕೊಕ್ಕೆ ಎಳೆಯ ಹಿಂದೆ ಹೊಕ್ಕು ಉಣ್ಣೆಯನ್ನು ಸೆಳೆದುಕೊಂಡು ಬರುತ್ತದೆ, ಅಲಗು ಅದೇ ಬೀಸಿನಲ್ಲಿ ಕತ್ತರಿಸುತ್ತದೆ. ಅವರ ವೇಗದ ಗುಟ್ಟು ಅದೇ. ಇಲ್ಲಿನ ಗಂಟು ಎರಡೂ ಎಳೆಗಳನ್ನು ಸಮನಾಗಿ ಸುತ್ತುವ ತುರ್ಕಿ ಗಂಟು. ಕಾಶಾನ್, ಇಸ್ಫಹಾನ್, ಕೆರ್ಮಾನುಗಳಲ್ಲಿ ಒಂದೇ ಎಳೆಯನ್ನು ಪೂರ್ತಿ ಸುತ್ತುವ ಫಾರ್ಸಿ ಗಂಟು. ಬಳ್ಳಿಯ ಬಾಗು, ಎಸಳಿನ ತಿರುವು ನಯವಾಗಿ ಮೂಡಲು ಈ ಎರಡನೆಯದು ಹೆಚ್ಚು ಒಗ್ಗುತ್ತದೆ ಎನ್ನುತ್ತಾರೆ. ಆದರೆ ತಬ್ರೀಜಿನ ಕುಶಲಿಗಳು ತುರ್ಕಿ ಗಂಟಿನಲ್ಲೇ ಎಂಥ ಬಾಗನ್ನಾದರೂ ತೆಗೆದು ತೋರಿಸಿದ್ದಾರೆ. ಮಾರುಕಟ್ಟೆಯವರು ಫಾರ್ಸಿ ಗಂಟಿಗೆ ಕುರ್ದಿಸ್ತಾನದ ಸೆನ್ನೆ ಪಟ್ಟಣದ ಹೆಸರಿಟ್ಟಿದ್ದಾರೆ. ಸೆನ್ನೆಯ ಹೆಂಗಸರು ಹಾಕುವುದು ತುರ್ಕಿ ಗಂಟು. ವ್ಯಾಪಾರಿಗಳು ಇಟ್ಟ ಹೆಸರುಗಳನ್ನು ಎಷ್ಟು ನಂಬಬಹುದು ಎಂಬುದಕ್ಕೆ ಇದೊಂದೇ ಸಾಕು.

ತಬ್ರೀಜಿನಿಂದ ಪೂರ್ವಕ್ಕೆ ಹೊರಟರೆ ಸಬಲಾನ್ ಬೆಟ್ಟದ ದಿಕ್ಕಿಗೆ ಹೆರೀಜ್. ನಗರದಲ್ಲಿ ಸುರುಳಿ ಸುರುಳಿಯಾಗಿದ್ದ ಬಳ್ಳಿ ಈ ಹಳ್ಳಿಗಳಿಗೆ ಬರುತ್ತಿದ್ದಂತೆ ನೆಟ್ಟಗಾಗುತ್ತದೆ. ನಡುವಿನ ದೊಡ್ಡ ಪದಕ ಎಂಟು ಮೂಲೆಯ ನಕ್ಷತ್ರವಾಗುತ್ತದೆ, ಎಲೆಗಳು ಗರಗಸದ ಹಲ್ಲಿನಂತೆ ಚೂಪಾಗುತ್ತವೆ. ನಗರದ ನಮೂನೆಯನ್ನು ನೋಡಿ ಇಲ್ಲಿನ ಹೆಂಗಸರು ತಮ್ಮ ದಪ್ಪ ಉಣ್ಣೆಗೆ, ವಿರಳ ಗಂಟಿಗೆ, ತಮ್ಮ ಕಣ್ಣಿಗೆ ತಕ್ಕ ಹಾಗೆ ಮತ್ತೆ ಬರೆದುಕೊಂಡರು. ಅದನ್ನು ಒರಟು ಎನ್ನುವವರಿದ್ದಾರೆ. ನನಗೆ ಹಾಗನಿಸಲಿಲ್ಲ. ಇಟ್ಟಿಗೆ ಕೆಂಪಿನ ನೆಲದ ಮೇಲೆ ಆ ಗೆರೆಗಳು ಅನುಮಾನವೇ ಇಲ್ಲದೆ ಸಾಗುತ್ತವೆ. ಇಸ್ಫಹಾನಿನ ರೇಷ್ಮೆಯ ನಯಕ್ಕಿಂತ ಈ ಧೈರ್ಯ ನನಗೆ ಹೆಚ್ಚು ಇಷ್ಟವಾಯಿತು.

ಅದೇ ದಿಕ್ಕಿನಲ್ಲಿ ಇನ್ನೂ ಮುಂದೆ ಅರ್ದಬೀಲ್. ಸಫಾವಿ ದೊರೆಗಳ ಮೂಲಪುರುಷ ಶೇಖ್ ಸಫಿಯುದ್ದೀನರ ಸಮಾಧಿ ಇಲ್ಲಿದೆ. ಜಗತ್ತಿನ ಅತಿ ಪ್ರಸಿದ್ಧ ರತ್ನಗಂಬಳಿ ಈ ಊರಿನ ಹೆಸರು ಹೊತ್ತಿದೆ, ಆದರೆ ಅದು ಇಲ್ಲಿಲ್ಲ, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಹತ್ತೂವರೆ ಮೀಟರ್ ಉದ್ದ, ಐದು ಮೀಟರಿಗೂ ಮಿಕ್ಕ ಅಗಲ. ರೇಷ್ಮೆಯ ಹಾಸಿನ ಮೇಲೆ ಉಣ್ಣೆಯ ಸುಮಾರು 2 ಕೋಟಿ 60 ಲಕ್ಷ ಗಂಟುಗಳು. ಬಳಸಿದ್ದು ಹತ್ತೇ ಬಣ್ಣ. ನಡುವೆ ಹಳದಿ ಸೂರ್ಯನಂಥ ಪದಕ, ಅದರ ಎರಡು ತುದಿಗೆ ತೂಗುವ ಎರಡು ದೀಪಗಳು, ಒಂದು ದೊಡ್ಡದು, ಒಂದು ಚಿಕ್ಕದು. ಹಿಜರಿ 946, ಅಂದರೆ 1539-40, ಷಾ ತಹಮಾಸ್ಪನ ಕಾಲ. 19ನೇ ಶತಮಾನದ ಕೊನೆಗೆ ಸಮಾಧಿಮಂದಿರದ ದುರಸ್ತಿಗೆ ಹಣವಿಲ್ಲದೆ ಇದನ್ನು ಮಾರಿದರೆಂದು ಹೇಳುತ್ತಾರೆ. ವಿನ್ಯಾಸಕಾರ ವಿಲಿಯಂ ಮಾರಿಸ್ ಹೊಗಳಿ ಶಿಫಾರಸು ಮಾಡಿದ ಮೇಲೆ ಲಂಡನ್ನಿನವರು 1893ರಲ್ಲಿ 2,000 ಪೌಂಡಿಗೆ ಕೊಂಡರು. ಇದಕ್ಕೊಂದು ಜೋಡಿಯಿತ್ತು. ಅದನ್ನು ಕತ್ತರಿಸಿ, ಆ ತುಂಡುಗಳಿಂದ ಇದರ ಹರಕು ಮುಚ್ಚಿದರು. ಉಳಿದ ಭಾಗ ಈಗ ಅಮೆರಿಕದ ಲಾಸ್ ಏಂಜಲೀಸಿನಲ್ಲಿದೆ. ಲಂಡನ್ನಿನಲ್ಲಿ ಬಣ್ಣ ಮಾಸಬಾರದೆಂದು ಅರ್ಧ ಗಂಟೆಗೊಮ್ಮೆ ಹತ್ತು ನಿಮಿಷ ಮಾತ್ರ ದೀಪ ಹಾಕುತ್ತಾರೆ.

ಆ ರತ್ನಗಂಬಳಿಯ ಒಂದು ತುದಿಯಲ್ಲಿ ಹೆಸರಿದೆ: ಕಾಶಾನಿನ ಮಕ್ಸೂದ್. ಆತ ನಮೂನೆ ಬರೆದವನು ಇಲ್ಲವೇ ಕೆಲಸ ಮಾಡಿಸಿದವನು ಎಂಬುದು ಬಲ್ಲವರ ಅಭಿಪ್ರಾಯ. ಏಕೆಂದರೆ ಎರಡೂವರೆ ಕೋಟಿಗೂ ಮಿಕ್ಕ ಗಂಟನ್ನು ಒಬ್ಬರೇ ಹಾಕಬೇಕೆಂದರೆ, ದಿನಕ್ಕೆ ಎಂಟು ಸಾವಿರದಂತೆ ಒಂದು ದಿನವೂ ಬಿಡದೆ ದುಡಿದರೂ ಸುಮಾರು ಒಂಬತ್ತು ವರ್ಷ ಬೇಕು. ಮಗ್ಗದ ಮುಂದೆ ಸಾಲಾಗಿ ಕೂತ ಹಲವರು ವರ್ಷಗಟ್ಟಲೆ ಕಟ್ಟಿದ್ದಾರೆ. ಅರ್ದಬೀಲಿನ ಆ ನೀಲಿ ಹೆಂಚಿನ ಅಂಗಳದಲ್ಲಿ ನಿಂತಾಗ ನನ್ನ ಮನಸ್ಸು ಲಂಡನ್ನಿನ ಕಡೆಗೆ ಹೋಗಲಿಲ್ಲ. ಮಕ್ಸೂದನ ಅಕ್ಕಪಕ್ಕ ಕೂತಿದ್ದವರ ಕಡೆಗೆ ಹೋಯಿತು.

ಕಾಶಾನ್ ಮರುಭೂಮಿಯ ಅಂಚಿನ ಊರು. ತೆಹ್ರಾನಿನಿಂದ ದಕ್ಷಿಣಕ್ಕೆ ಬಸ್ಸಿನಲ್ಲಿ ಬರುವಾಗ ಎಡಕ್ಕೆ ಉಪ್ಪುನೆಲ, ಬಲಕ್ಕೆ ಬೋಳು ಬೆಟ್ಟ. ಊರು ಸೇರಿ ಫಿನ್ ತೋಟಕ್ಕೆ ಹೋದ ಮೇಲೆ ರತ್ನಗಂಬಳಿಯ ನಕ್ಷೆ ಏಕೆ ಹಾಗಿದೆ ಎಂದು ಹೇಳಿಸಿಕೊಳ್ಳಬೇಕಾಗಿಲ್ಲ. ಎತ್ತರದ ಗೋಡೆ, ಒಳಗೆ ನೆಟ್ಟಗೆ ಹರಿಯುವ ನೀರಿನ ಕಾಲುವೆಗಳು, ಅವು ಕೂಡುವಲ್ಲಿ ಕೊಳ, ಕಾಲುವೆಯ ಎರಡೂ ದಡಕ್ಕೆ ಮುದಿ ಸೈಪ್ರೆಸ್ ಮರಗಳು. ಗೋಡೆಯೇ ಅಂಚು, ಕೊಳವೇ ನಡುವಿನ ಪದಕ. ನೀರಿಲ್ಲದ ನಾಡಿನವರು ನೀರಿರುವ ಜಾಗವನ್ನು ನೆಲದ ಮೇಲೆ ಹಾಸಿಕೊಂಡರು. ತೋಟವನ್ನೇ ಹೀಗೆ ಮೇಲಿನಿಂದ ನೋಡಿದಂತೆ ಬಿಡಿಸಿದ, ಕಾಲುವೆಯೊಳಗೆ ಮೀನುಗಳೂ ಇರುವ ಒಂದು ರತ್ನಗಂಬಳಿ ನಮ್ಮ ದೇಶದಲ್ಲೇ ಇದೆ. ಕೆರ್ಮಾನ್ ಸೀಮೆಯಲ್ಲಿ ಕಟ್ಟಿದ್ದು, 1632ರ ಹೊತ್ತಿಗೆ ಅಂಬೇರ್ ಅರಮನೆ ಸೇರಿದ್ದು, ಈಗ ಜೈಪುರದ ಆಲ್ಬರ್ಟ್ ಹಾಲ್‌ನಲ್ಲಿದೆ. ಜೈಪುರಕ್ಕೆ ಹೋಗುವವರು ಅದನ್ನು ನೋಡದೆ ಬರಬಾರದು.

ಕಾಶಾನಿನಲ್ಲಿ ರತ್ನಗಂಬಳಿ ಕೆಲಸ ನಡುವೆ ಬಹುಕಾಲ ಕುಸಿದಿತ್ತಂತೆ. 19ನೇ ಶತಮಾನದ ಕೊನೆಯಲ್ಲಿ ಮತ್ತೆ ಎದ್ದ ಬಗ್ಗೆ ಒಂದು ಕಥೆ ಹೇಳುತ್ತಾರೆ. ಒಬ್ಬ ಜವಳಿ ವ್ಯಾಪಾರಿಯ ಬಳಿ ಮ್ಯಾಂಚೆಸ್ಟರಿನಿಂದ ತರಿಸಿದ ಮೆರಿನೋ ಉಣ್ಣೆಯ ನೂಲು ಮಾರಾಟವಾಗದೆ ಬಿದ್ದಿತ್ತು. ಅವನ ಹೆಂಡತಿ ಅರಾಕ್ ಕಡೆಯವಳು, ಗಂಟು ಹಾಕಬಲ್ಲವಳು. ಸುಮ್ಮನೆ ಬಿದ್ದಿದ್ದ ಆ ನೂಲಿನಿಂದ ಅವಳು ಒಂದು ರತ್ನಗಂಬಳಿ ಕಟ್ಟಿದಳು. ಅದರ ಮೆದುವಿಗೆ, ಹೊಳಪಿಗೆ ಊರು ಮರುಳಾಯಿತು, ಮಗ್ಗಗಳು ಮತ್ತೆ ಎದ್ದವು. ಆ ಕಾಲದ ಉತ್ಕೃಷ್ಟ ಮಾಲನ್ನು ಇಂದಿಗೂ ಹರಾಜಿನವರು ‘ಮೊಹ್ತಶಮ್ ಕಾಶಾನ್’ ಎಂದು ಕರೆದು ಭಾರಿ ಬೆಲೆ ಕಟ್ಟುತ್ತಾರೆ. ಅದು ಗಂಡಸಿನ ಹೆಸರು. ಕಥೆಯಲ್ಲಿ ಅವಳು ‘ಹೆಂಡತಿ’ ಎಂದಷ್ಟೇ ಇದ್ದಾಳೆ.

ನಾನು ಕಂಡ ಮನೆ ಮಣ್ಣುಗೋಡೆಯ ಓಣಿಯೊಂದರಲ್ಲಿತ್ತು. ಜೊತೆಗಿದ್ದ ವಿದ್ಯಾರ್ಥಿನಿ ಬಾಗಿಲು ತಟ್ಟಿ ‘ಹಾಜ್ ಖಾನುಮ್’ ಎಂದು ಕೂಗಿದಳು. ಒಳಗಿನಿಂದ ‘ಬೆಫರ್ಮಾಯೀದ್’ ಎಂದು ಸ್ವಾಗತ ಬಂತು. ಅರವತ್ತು ದಾಟಿದ ಹೆಂಗಸು, ಹೂವಿನ ಬಿಳಿ ಚಾದರ. ಚಹಾ, ಬೆಲ್ಲದಚ್ಚಿನಂತೆ ಗಟ್ಟಿಯಾದ ಸಕ್ಕರೆಯ ತುಂಡು ಕೊಟ್ಟ ಮೇಲೆ ಮಗ್ಗದ ಕೋಣೆಗೆ ಕರೆದೊಯ್ದರು. ಗೋಡೆಗೆ ನಿಂತ ಮಗ್ಗ, ಮುಂದೆ ಅಡ್ಡಲಾಗಿ ಹಲಗೆ. ಅದರ ಮೇಲೆ ಕಾಲು ಮಡಚಿ ಕೂತರು. ತಲೆಯ ಮೇಲೆ ಬಣ್ಣ ಬಣ್ಣದ ನೂಲಿನ ಉಂಡೆಗಳು ತೂಗಿದ್ದವು. ಹಾಸಿನ ಎಳೆಗಳಿಗೆ ಸಿಕ್ಕಿಸಿದ್ದ ಚೌಕುಳಿ ಕಾಗದದಲ್ಲಿ ನಮೂನೆ. ಕಾಗದದ ಒಂದು ಮನೆಗೆ ಮಗ್ಗದಲ್ಲಿ ಒಂದು ಗಂಟು.

ಅವರ ತೋರುಬೆರಳು ಎಳೆಯನ್ನು ಮುಂದಕ್ಕೆ ತಂದದ್ದು ಕಂಡಿತು. ಉಣ್ಣೆ ಸುತ್ತಿದ್ದು ಕಾಣಲಿಲ್ಲ. ಚಾಕು ಬಂದು ಹೋದ ಸದ್ದು ಮಾತ್ರ, ಟಕ್ ಎಂದು. ಮತ್ತೆ ಟಕ್. ಕಡುಕೆಂಪು ಮೂರು, ದಂತದ ಬಣ್ಣ ಒಂದು, ಮತ್ತೆ ಕೆಂಪು. ‘ಷಾ ಅಬ್ಬಾಸಿ’ ಎಂದು ಅವರು ಕರೆಯುವ ದೊಡ್ಡ ಹೂವಿನ ಎಸಳ ತುದಿ ಏರುತ್ತಿತ್ತು. ನಿಧಾನವಾಗಿ ತೋರಿಸಿ ಎಂದು ಕೇಳಿಕೊಂಡೆ. ಅವರು ಪ್ರಯತ್ನಪಟ್ಟರು. ನಿಧಾನ ಮಾಡಿದರೆ ಕೈ ದಾರಿ ತಪ್ಪುತ್ತದೆ ಎಂದು ನಕ್ಕು ಮತ್ತೆ ತಮ್ಮ ವೇಗಕ್ಕೆ ಮರಳಿದರು. ಸಾಲು ಮುಗಿದಾಗ ಹೊಕ್ಕು ಹಾಯಿಸಿ, ಕಬ್ಬಿಣದ ಭಾರದ ಹಣಿಗೆ ಎತ್ತಿ ಬಡಿದರು. ಹಲಗೆ ಅದುರಿತು. ತೋರುಬೆರಳ ಪಕ್ಕದಲ್ಲಿ ಚರ್ಮ ಗಟ್ಟಿಯಾಗಿ, ಹಳದಿಗೆ ತಿರುಗಿ, ನಡುವೆ ಒಂದು ಗೀರು ಬಿದ್ದಿತ್ತು. ಎಂಟು ವರ್ಷದವರಿದ್ದಾಗ ತಾಯಿಯ ಪಕ್ಕ ಕೂತು ಶುರು ಮಾಡಿದ್ದಂತೆ.

ನೂಲು, ನಮೂನೆ ಎರಡೂ ಗುತ್ತಿಗೆದಾರ ತಂದುಕೊಡುತ್ತಾನೆ. ಮುಗಿದ ಮೇಲೆ ಮಗ್ಗದಿಂದ ಕತ್ತರಿಸಿ ಒಯ್ಯುತ್ತಾನೆ. ನೀವು ಕಟ್ಟಿದ ರತ್ನಗಂಬಳಿಗಳು ಈಗ ಎಲ್ಲಿವೆ ಎಂದು ಕೇಳಿದೆ. ಅವರಿಗೆ ಗೊತ್ತಿಲ್ಲ. ತೆಹ್ರಾನಿಗೆ ಹೋಗಿರಬಹುದು, ಜರ್ಮನಿಗೆ ಹೋಗಿರಬಹುದು. ಎಲ್ಲಾದರೂ ಕಂಡರೆ ಗುರುತು ಸಿಗುತ್ತದೆಯೇ? ‘ಹೂವು ನೋಡಿದರೆ ಸಿಗುವುದಿಲ್ಲ, ಹೂವು ಎಲ್ಲರದೂ ಒಂದೇ. ಬೆನ್ನು ತಿರುಗಿಸಿದರೆ ಹೇಳುತ್ತೇನೆ. ನನ್ನ ಶೀರಾಜೆ ನನ್ನ ಅಮ್ಮನ ಹಾಗಿರುತ್ತದೆ’ ಎಂದರು. ಶೀರಾಜೆ ಎಂದರೆ ಪಕ್ಕದ ಅಂಚು ಬಿಚ್ಚದಂತೆ ಸುತ್ತಿ ಕಟ್ಟುವ ದಾರ. ಕೆಳಗೆ ಬಗ್ಗಿ, ಮಗ್ಗದ ಹಿಂಬದಿಗೆ ನನ್ನ ಕೈ ಹಿಡಿದೊಯ್ದು ಸವರಿಸಿದರು. ಬೆರಳಿಗೆ ಸಣ್ಣ ಸಣ್ಣ ಕಾಳುಗಳ ಸಾಲು ಸಿಕ್ಕಿತು, ಎಲ್ಲೂ ಏರಿಲ್ಲ, ಇಳಿದಿಲ್ಲ.

ಊರಿನ ಹೆಸರೇ ಇವರ ರುಜು. ಕಾಶಾನ್ ಎಂದು ಫಲಕದಲ್ಲಿ ಬರೆದಾಗ ಅದು ಈ ಓಣಿಯ ಈ ಬೆರಳುಗಳನ್ನೇ ಹೇಳುತ್ತದೆ, ಹೇಳಬೇಕು. ಊರಿನ ಕೈ ಎನ್ನುವುದು ಸುಮ್ಮನೆ ಬರುವುದಲ್ಲ. ಅಮ್ಮನಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದ ಬಿಗಿ, ಅಂಚು ಕಟ್ಟುವ ರೀತಿ, ಬಣ್ಣದ ಪಕ್ಕ ಬಣ್ಣ ಇಡುವ ಅಭ್ಯಾಸ. 2010ರಲ್ಲಿ ಯುನೆಸ್ಕೋ ಕಾಶಾನಿನ ಮತ್ತು ಫಾರ್ಸ್ ಪ್ರಾಂತದ ರತ್ನಗಂಬಳಿ ಕಸುಬುಗಳನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ, ಕಾಶಾನಿನಲ್ಲಿ ಮೂವರಲ್ಲಿ ಒಬ್ಬರು ಈ ಕೆಲಸದಲ್ಲಿದ್ದಾರೆ, ಅವರಲ್ಲಿ ಮೂರನೇ ಎರಡು ಪಾಲಿಗೂ ಹೆಚ್ಚು ಹೆಂಗಸರು ಎಂದು ದಾಖಲಿಸಿತು. ಹಾಜ್ ಖಾನುಮ್ ಅವರ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಔಷಧದ ಅಂಗಡಿಯಲ್ಲಿ, ಇನ್ನೊಬ್ಬಳು ಶಾಲೆಯಲ್ಲಿ. ಇಬ್ಬರೂ ಮಗ್ಗ ಮುಟ್ಟುವುದಿಲ್ಲ. ಅದಕ್ಕೆ ಅವರು ಬೇಸರಪಟ್ಟುಕೊಳ್ಳಲಿಲ್ಲ. ‘ನನ್ನ ಬೆನ್ನುನೋವು ಅವರಿಗೆ ಬೇಡ’ ಎಂದರು.

ಕಾಶಾನಿನ ಪಕ್ಕದಲ್ಲೇ ಆರಾನ್, ಬಿದ್ಗೋಲ್. ಅಲ್ಲಿ ಈಗ ಯಂತ್ರದ ಕಾರ್ಪೆಟ್ ಕಾರ್ಖಾನೆಗಳ ಸಾಲು. ‘700 ಶಾನೆ’, ‘1200 ಶಾನೆ’ ಎಂದು ನೇಯ್ಗೆಯ ದಟ್ಟಣೆ ಬರೆದು ಮಾರುತ್ತಾರೆ, ಬಣ್ಣ ಹೂವು ಎಲ್ಲ ಅದೇ ಷಾ ಅಬ್ಬಾಸಿ. ಇರಾನಿನ ಸಾಮಾನ್ಯ ಕುಟುಂಬ ಇಂದು ಕೊಳ್ಳುವುದು ಇದನ್ನೇ, ಅವರಿಗೆ ಕೈಗೆಟಕುವುದೂ ಇದೇ. ಅದನ್ನು ನಾನು ತಪ್ಪೆನ್ನಲಾರೆ. ಆದರೆ ಯಂತ್ರದ ಮಾಲನ್ನು ಕೈಕೆಲಸವೆಂದು ಹೇಳಿ ಮಾರಿದಾಗ ಕಳವಾಗುವುದು ನಮೂನೆಯಷ್ಟೇ ಅಲ್ಲ, ಆ ಬೆರಳ ಗೀರೂ ಹೌದು.

ಕಾಶಾನ್ ಬಿಡುವ ಮುನ್ನ ಇನ್ನೊಂದು ಮಾತು. ಹತ್ತಿರದ ಮಷ್‌ಹದ್ ಅರ್ದೆಹಾಲ್‌ನಲ್ಲಿ ಶರತ್ಕಾಲದಲ್ಲಿ ‘ಕಾಲಿಶೂಯಾನ್’ ನಡೆಯುತ್ತದೆ. ಶಿಯಾಗಳ ಐದನೆಯ ಇಮಾಮರ ಮಗ ಸುಲ್ತಾನ್ ಅಲಿ ಇಲ್ಲಿ ಹತರಾದಾಗ ದೇಹವನ್ನು ರತ್ನಗಂಬಳಿಯಲ್ಲಿ ಸುತ್ತಿ ಒಯ್ದರೆಂಬ ನಂಬಿಕೆ. ಫಿನ್ ಊರಿನವರು ಕೈಯಲ್ಲಿ ಕೋಲು ಹಿಡಿದು ಬಂದು, ಗುಡಿಯಿಂದ ಆ ರತ್ನಗಂಬಳಿಯನ್ನು ಹೆಗಲ ಮೇಲೆ ಹೊತ್ತು, ತೊರೆಯ ನೀರು ಚಿಮುಕಿಸಿ ತೊಳೆದು ಮರಳಿಸುತ್ತಾರೆ. 2012ರಲ್ಲಿ ಇದೂ ಯುನೆಸ್ಕೋ ಪಟ್ಟಿ ಸೇರಿತು. ನಾನು ಹೋದದ್ದು ಬೇರೆ ಋತುವಿನಲ್ಲಿ. ಊರವರು ಹೇಳಿದ್ದನ್ನು ಕೇಳಿಸಿಕೊಂಡು ಬಂದೆ.

ಇಸ್ಫಹಾನಿನ ಬಗ್ಗೆ ಎಲ್ಲರೂ ಬರೆದಿದ್ದಾರೆ. ಶೇಖ್ ಲುತ್ಫುಲ್ಲಾ ಮಸೀದಿಯ ಗುಮ್ಮಟದ ಕೆಳಗೆ ನಿಂತು ಕತ್ತೆತ್ತಿದರೆ ಇಲ್ಲಿನ ರತ್ನಗಂಬಳಿಯ ಪದಕ ಎಲ್ಲಿಂದ ಬಂತೆಂದು ಕಾಣುತ್ತದೆ. ಅಲ್ಲಿಂದ ಪೂರ್ವಕ್ಕಿರುವ ನಾಯಿನ್ ಹಿಂದೆ ಉಣ್ಣೆಯ ನಿಲುವಂಗಿಯ ಬಟ್ಟೆಗೆ ಹೆಸರಾಗಿತ್ತು. ಜನ ನಿಲುವಂಗಿ ಬಿಟ್ಟಾಗ ಆ ನೇಕಾರರು ಕಳೆದ ಶತಮಾನದಲ್ಲಿ ರತ್ನಗಂಬಳಿಗೆ ತಿರುಗಿದರು. ದಂತದ ಬಣ್ಣ, ತಿಳಿನೀಲಿ, ಅಂಚಿನಲ್ಲಿ ರೇಷ್ಮೆಯ ಗೆರೆ. ಖೋಮ್ ಪಟ್ಟಣದ ರೇಷ್ಮೆಯ ಮಾಲೂ ಇದೇ ವಯಸ್ಸಿನದು. ಪರ್ಷಿಯಾದ ರತ್ನಗಂಬಳಿ ಎಂದರೆ ಎಲ್ಲವೂ ಸಾವಿರ ವರ್ಷದ್ದೆಂದು ಅಂಗಡಿಯವರು ಹೇಳುತ್ತಾರಲ್ಲ, ಅದು ಸರಿಯಲ್ಲ. ದೇವರೊಬ್ಬನೇ ಪರಿಪೂರ್ಣ ಎಂದು ನೇಕಾರರು ಬೇಕೆಂದೇ ಒಂದು ಗಂಟು ತಪ್ಪಿಸುತ್ತಾರೆ ಎಂಬ ಮಾತನ್ನೂ ಅವರಿಂದಲೇ ಕೇಳಿದೆ. ಹಾಜ್ ಖಾನುಮ್ ಅವರಿಗೆ ಆ ಮಾತು ಹೊಸದಾಗಿತ್ತು. ಲಕ್ಷಗಟ್ಟಲೆ ಗಂಟು ಹಾಕುವವರಿಗೆ ತಪ್ಪು ತಾನಾಗಿಯೇ ಬರುತ್ತದೆ, ಬರಿಸಿಕೊಳ್ಳಬೇಕಾಗಿಲ್ಲ ಎಂದರು.

ಕೆರ್ಮಾನಿನ ಹಾದಿ ಉದ್ದ, ರಾತ್ರಿಯಿಡೀ ಬಸ್ಸು. ಈ ಊರು ಒಂದು ಕಾಲಕ್ಕೆ ಶಾಲಿಗೆ ಹೆಸರುವಾಸಿ. ಬಾಗಿದ ತುದಿಯ ‘ಬುತೆ’, ನಾವು ಸೀರೆಯಲ್ಲಿ ಮಾವಿನಕಾಯಿ ಎನ್ನುವ ಅದೇ ಬುಟ್ಟಾ, ಇಲ್ಲಿ ಶಾಲಿನಿಂದ ರತ್ನಗಂಬಳಿಗೆ ಇಳಿದು ಬಂದಿದೆ. ಬಣ್ಣದಲ್ಲಿ ಕೆರ್ಮಾನಿಗೆ ಸಮ ಯಾರೂ ಇಲ್ಲ. ಕೆಂಪಿಗೆ ಒಂದು ಬಗೆಯ ಕೀಟದ ಒಣಪುಡಿ, ಇಟ್ಟಿಗೆ ಕೆಂಪಿಗೆ ನಮ್ಮ ಮಂಜಿಷ್ಠದ ಜಾತಿಯ ಬೇರು, ಹಳದಿಗೆ ದಾಳಿಂಬೆ ಸಿಪ್ಪೆ, ಕಂದಿಗೆ ಅಕ್ರೋಟಿನ ಹಸಿ ಸಿಪ್ಪೆ. ನೀಲಿ ಹಿಂದೆ ಭಾರತದಿಂದ ಹಡಗಿನಲ್ಲಿ ಬರುತ್ತಿತ್ತು. 17ನೇ ಶತಮಾನದಲ್ಲಿ ಈ ಸೀಮೆಯಲ್ಲಿ ಕಟ್ಟಿದ, ಕುಡುಗೋಲಿನಂತೆ ಬಾಗಿದ ಎಲೆಗಳ ಒಂದು ರತ್ನಗಂಬಳಿ 2013ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 3 ಕೋಟಿ 37 ಲಕ್ಷ ಡಾಲರಿಗೆ ಹೋಯಿತು. ಅಲ್ಲಿಯವರೆಗೆ ಯಾವ ರತ್ನಗಂಬಳಿಗೂ ಅಷ್ಟು ಬೆಲೆ ಬಂದಿರಲಿಲ್ಲ.

ಈ ಬೆಲೆಯ ಪಕ್ಕದಲ್ಲೇ ಇನ್ನೊಂದನ್ನೂ ಹೇಳಲೇಬೇಕು. 20ನೇ ಶತಮಾನದ ಆರಂಭದಲ್ಲಿ ಯುರೋಪು, ಅಮೆರಿಕಗಳ ಬೇಡಿಕೆ ಏರಿದಾಗ ಕೆರ್ಮಾನಿನ ಕತ್ತಲೆ ಕೋಣೆಗಳಲ್ಲಿ ನಾಲ್ಕೈದು ವರ್ಷದ ಮಕ್ಕಳನ್ನೂ ಮಗ್ಗಕ್ಕೆ ಕೂರಿಸುತ್ತಿದ್ದರು. ಒಬ್ಬಾತ ನಮೂನೆ ನೋಡಿ, ಹಾಡಿನಂತೆ ರಾಗವೆಳೆದು ಬಣ್ಣಗಳನ್ನು ಕೂಗುತ್ತಿದ್ದ. ಮಕ್ಕಳು ಅದನ್ನು ಕೇಳುತ್ತ ಗಂಟು ಹಾಕುತ್ತಿದ್ದರು. ಬಿಸಿಲು ಕಾಣದೆ, ಹಲಗೆಯ ಮೇಲೆ ಮುದುರಿ ಕೂತು ಹುಡುಗಿಯರ ಮೂಳೆ ಬಾಗುತ್ತಿತ್ತು. ಸೊಂಟದ ಮೂಳೆ ಸೊಟ್ಟಗಾದ ಈ ಹುಡುಗಿಯರು ದೊಡ್ಡವರಾಗಿ ಹೆರಿಗೆಯಲ್ಲಿ ಸಾಯುತ್ತಿದ್ದುದನ್ನು ಅಲ್ಲಿನ ಮಿಷನ್ ಆಸ್ಪತ್ರೆಯ ವೈದ್ಯರು ಬರೆದಿಟ್ಟಿದ್ದಾರೆ. ಈ ಸುದ್ದಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯವರೆಗೆ ಹೋಯಿತು. 1923ರ ಕೊನೆಗೆ ಕೆರ್ಮಾನಿನ ಆಡಳಿತ ಆಜ್ಞೆ ಹೊರಡಿಸಿತು: ದಿನಕ್ಕೆ ಎಂಟೇ ಗಂಟೆ ಕೆಲಸ; ಎಂಟು ವರ್ಷದೊಳಗಿನ ಹುಡುಗರು, ಹತ್ತು ವರ್ಷದೊಳಗಿನ ಹುಡುಗಿಯರು ಕೂಡದು; ನೆಲಮಾಳಿಗೆಯಲ್ಲಿ ಮಗ್ಗ ಕೂಡದು. ಆಜ್ಞೆ ಎಷ್ಟು ಜಾರಿಯಾಯಿತು ಎಂಬುದು ಬೇರೆ ಮಾತು, ಆದರೂ ಇರಾನಿನ ಕಾರ್ಮಿಕ ಕಾನೂನಿನ ಮೊದಲ ಹೆಜ್ಜೆಗಳಲ್ಲಿ ಇದೂ ಒಂದು. ವಸ್ತುಸಂಗ್ರಹಾಲಯಗಳಲ್ಲಿ ಆ ಕಾಲದ ಕೆರ್ಮಾನನ್ನು ನೋಡುವಾಗ ಅದರ ಚಂದವನ್ನು ನಾನು ಅಲ್ಲಗಳೆಯಲಾರೆ. ಆದರೆ ಫಲಕದಲ್ಲಿ ಈ ಮಾತೂ ಇರಬೇಕೆಂದು ನನ್ನ ಒತ್ತಾಯ.

ಶೀರಾಜಿನ ದಕ್ಷಿಣಕ್ಕೆ ಫಿರೂಜಾಬಾದ್. ಕಶ್ಕಾಯಿಗಳ ಚಳಿಗಾಲದ ಹುಲ್ಲುಗಾವಲು ಈ ಕಡೆ, ಬೇಸಗೆಯದು ಉತ್ತರದಲ್ಲಿ ನೂರಾರು ಕಿಲೋಮೀಟರ್ ಆಚೆಯ ಸೆಮಿರೋಮ್ ಬೆಟ್ಟಗಳಲ್ಲಿ. ತುರ್ಕಿ ಮಾತಿನ ಕುರಿಗಾಹಿಗಳು. 1930ರ ದಶಕದಲ್ಲಿ ರೆಜಾ ಷಾ ಇವರನ್ನು ಬಲವಂತವಾಗಿ ಒಂದೆಡೆ ನೆಲೆ ನಿಲ್ಲಿಸಲು ಹೊರಟಾಗ ಕುರಿಗಳೂ ಜನರೂ ಸೊರಗಿದರು. ಈಗ ಹೆಚ್ಚಿನವರು ಮನೆ ಕಟ್ಟಿಕೊಂಡಿದ್ದಾರೆ, ಕೆಲವರು ಲಾರಿಯಲ್ಲಿ ಕುರಿ ಸಾಗಿಸಿ ವಲಸೆ ಹೋಗುತ್ತಾರೆ. ಇವರ ಮಗ್ಗ ನೆಲಕ್ಕೆ ಮಲಗಿರುತ್ತದೆ. ಗೂಟ ಕಿತ್ತು, ಅರ್ಧ ಆದ ರತ್ನಗಂಬಳಿ ಸಮೇತ ಸುತ್ತಿ ಹೊರಟುಬಿಡಬಹುದು. ಗಂಡಸರು ಉಣ್ಣೆ ಕತ್ತರಿಸುತ್ತಾರೆ, ಮಗ್ಗ ಮಾಡುತ್ತಾರೆ. ನೂಲುವುದು, ಬಣ್ಣ ಹಾಕುವುದು, ನಮೂನೆ ಕಟ್ಟುವುದು, ಗಂಟು ಹಾಕುವುದು ಹೆಂಗಸರದು.

ಇಲ್ಲಿ ಕಾಗದವಿಲ್ಲ. ನಾನು ಮಾತಾಡಿಸಿದ ತರುಣಿ ನೆಲದ ಮಗ್ಗದ ಮೇಲೆ, ಆಗಲೇ ಕಟ್ಟಿದ ಭಾಗದ ಮೇಲೆಯೇ ಕೂತು ಮುಂದಕ್ಕೆ ಸರಿಯುತ್ತಿದ್ದಳು. ಮೇಕೆ, ಬಾಚಣಿಗೆ, ಕೋಳಿ, ನಡುವೆ ವಜ್ರದಾಕಾರ. ಮುಂದೆ ಏನು ಬರುತ್ತದೆ ಎಂದರೆ ‘ಅಲ್ಲಿಗೆ ಹೋದಾಗ ನೋಡೋಣ’ ಎಂದಳು. ಬಣ್ಣವನ್ನು ಸಣ್ಣ ಪಾತ್ರೆಯಲ್ಲಿ ಸ್ವಲ್ಪ ಸ್ವಲ್ಪವೇ ಅದ್ದುವುದರಿಂದ ಒಂದೇ ಕೆಂಪು ನಡುವೆ ಎಲ್ಲೋ ಇನ್ನೊಂದು ಕೆಂಪಾಗುತ್ತದೆ. ಅದನ್ನು ಅಬ್ರಶ್ ಎನ್ನುತ್ತಾರೆ. ಯಂತ್ರದವರು ಈಗ ಅದನ್ನೂ ಬೇಕೆಂದೇ ನಕಲು ಮಾಡುತ್ತಾರೆ. ಉದ್ದ ಉಣ್ಣೆಯ, ಮೆತ್ತನೆಯ ‘ಗಬ್ಬೆ’ ಹಿಂದೆ ಡೇರೆಯೊಳಗೆ ಮಲಗಲು ಮಾಡಿಕೊಳ್ಳುತ್ತಿದ್ದದ್ದು, ಮಾರಲಿಕ್ಕಲ್ಲ. ಮೊಹ್ಸೆನ್ ಮಖ್ಮಲ್‌ಬಾಫ್ 1996ರಲ್ಲಿ ಅದೇ ಹೆಸರಿನ ಸಿನಿಮಾ ಮಾಡಿದ ಮೇಲೆ ಜಗತ್ತು ಅದರತ್ತ ತಿರುಗಿತು. ಇವೆಲ್ಲ ಮಾರುಕಟ್ಟೆಯಲ್ಲಿ ‘ಶೀರಾಜ್’ ಎಂದು ಹೋಗುತ್ತವೆ. ಶೀರಾಜ್ ಇವುಗಳನ್ನು ಮಾರುವ ನಗರ. ಹಮದಾನ್ ಹೆಸರಿನಲ್ಲೂ ಸುತ್ತಲಿನ ನೂರಾರು ಹಳ್ಳಿಗಳು ಹೀಗೆಯೇ ಮುಚ್ಚಿಹೋಗಿವೆ. ಇದ್ದ ಒಂದೇ ರುಜುವನ್ನೂ ಬಜಾರು ತನ್ನದಾಗಿಸಿಕೊಂಡಿದೆ.

ಈಗ ಆ ಬಜಾರಿಗೂ ಕಷ್ಟಕಾಲ. 2010ರಲ್ಲಿ ಅಮೆರಿಕ ಇರಾನಿನ ರತ್ನಗಂಬಳಿಯ ಆಮದು ನಿಲ್ಲಿಸಿತು, 2016ರಲ್ಲಿ ಬಿಟ್ಟಿತು, 2018ರಲ್ಲಿ ಮತ್ತೆ ನಿಲ್ಲಿಸಿತು. 1990ರ ದಶಕದ ಉಚ್ಛ್ರಾಯದಲ್ಲಿ ವರ್ಷಕ್ಕೆ 200 ಕೋಟಿ ಡಾಲರಿನಷ್ಟಿದ್ದ ರಫ್ತು 10 ಕೋಟಿಗೂ ಕೆಳಗಿಳಿದಿದೆ. ನಿರ್ಬಂಧ ಹಾಕಿದವರ ಲೆಕ್ಕದಲ್ಲಿ ಅದು ಸರ್ಕಾರದ ಮೇಲಿನ ಒತ್ತಡ. ನಾನು ಕಂಡ ಕಡೆಯೆಲ್ಲ ಅದು ಗುತ್ತಿಗೆದಾರ ನೂಲು ತರುವುದನ್ನು ನಿಲ್ಲಿಸಿದ ಮನೆ.

ನಮ್ಮ ಕಡೆಗೂ ಇದರ ಒಂದು ಎಳೆ ಬಂದಿದೆ. ವಿಜಯಪುರದ ಗೋಳಗುಮ್ಮಟದ ಅಂಗಳದ ವಸ್ತುಸಂಗ್ರಹಾಲಯದಲ್ಲಿ ಆದಿಲ್‌ಶಾಹಿ ಅರಮನೆಗಳಲ್ಲಿ ಹಾಸಿದ್ದ ರತ್ನಗಂಬಳಿಗಳಿವೆ. ಆ ದರ್ಬಾರಿಗೆ ಪರ್ಷಿಯಾದಿಂದ ಕವಿಗಳು, ಅಧಿಕಾರಿಗಳು, ಕಸುಬಿನವರು ಬರುತ್ತಲೇ ಇದ್ದರು. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಜಮಖಾನೆ ನೇಯುವ ಮನೆತನಗಳು ತಮ್ಮ ಹಿರಿಯರು ವಿಜಯಪುರದಿಂದ ಬಂದವರೆನ್ನುತ್ತವೆ. ಅದು ಗಂಟಿನ ಕೆಲಸವಲ್ಲ, ಹತ್ತಿಯ ಹಾಸು ಹೊಕ್ಕಿನ ನೇಯ್ಗೆ. ಆದರೆ ಮಗ್ಗ ನಿಂತ ಮಗ್ಗ, ಬಡಿಯುವುದು ಲೋಹದ ಪಂಜದಿಂದ, ಜಮಖಾನೆಯಲ್ಲಿ ಪಗಡೆ, ನವಿಲು. ನೇಯುವವರೆಲ್ಲ ಹೆಂಗಸರೇ. ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ನೇಯುವವರು ಮಾತ್ರ ಬೆರಳೆಣಿಕೆಗೆ ಇಳಿದಿದ್ದಾರೆ.

ಹಾಗಾಗಿ ಓದುಗರಲ್ಲಿ ಒಂದು ಕೇಳಿಕೆ. ರತ್ನಗಂಬಳಿಯ ಅಂಗಡಿಗೆ ಹೋದಾಗ ಮುಂಭಾಗದ ಹೂವಿಗೆ ಮರುಳಾಗುವ ಮೊದಲು ಮೂಲೆ ಹಿಡಿದು ಮಗುಚಿ. ಕೈಗಂಟಿನದಾದರೆ ಮುಂದಿನ ಹೂವು ಬೆನ್ನಿನಲ್ಲೂ ಸ್ಪಷ್ಟವಾಗಿ ಕಾಣುತ್ತದೆ, ಗಂಟುಗಳಲ್ಲಿ ಸಣ್ಣ ಏರುಪೇರು ಇರುತ್ತದೆ, ತುದಿಯ ಕುಚ್ಚು ಹಾಸಿನ ಎಳೆಯೇ ಆಗಿರುತ್ತದೆ. ಯಂತ್ರದ್ದರಲ್ಲಿ ಕುಚ್ಚನ್ನು ಆಮೇಲೆ ಹೊಲಿದಿರುತ್ತಾರೆ. ಯಾವ ಊರಿನದು, ಯಾವ ಹಳ್ಳಿಯದು, ಕಟ್ಟಿದವರು ಯಾರು ಎಂದು ಕೇಳಿ. ಉತ್ತರ ಬರದಿದ್ದರೆ ಕೈಕೆಲಸದ ಬೆಲೆ ಕೊಡಬೇಡಿ. ಹುಬ್ಬಳ್ಳಿಯಿಂದ ನವಲಗುಂದ ದೂರವೇನಲ್ಲ. ಒಮ್ಮೆ ಹೋಗಿ, ನೇಯುವ ಮನೆಯಲ್ಲೇ ಜಮಖಾನೆ ಕೊಳ್ಳಿ, ನೇಯ್ದವರ ಹೆಸರು ಕೇಳಿ ರಸೀದಿಯ ಮೇಲೆ ಬರೆಸಿಕೊಂಡು ಬನ್ನಿ.